ರೆಕ್ಕೆಯ ಚೂರು, ಪೆನ್ಸಿಲ್ ಮತ್ತು ಕಾವೇರಿಯ ಮಹಶೀರ್

ಒಂದು ಭಾನುವಾರ ಸಂಜೆ ಊರಿನ ಗ್ರಂಥಾಲಯದ ಮಹಡಿಯಲ್ಲಿ, ಡಿಎನ್‌ಎ ಓದಿ ಮೀನು ಗುರುತಿಸುವ ನಮ್ಮ ಲ್ಯಾಬಿನ ಕೆಲಸದ ಬಗ್ಗೆ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆದಿದ್ದೇನೆ. ಮಾತಿನಲ್ಲಿ ಎಡವಿದ ಕಡೆ ಸರಿ ಮಾಡಿಕೊಂಡಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ನೆನಪಿದ್ದಷ್ಟನ್ನು ಸೇರಿಸಿದ್ದೇನೆ.

*

ಎಲ್ಲರಿಗೂ ನಮಸ್ಕಾರ.

ಮೈಕ್ ಸರಿ ಮಾಡುತ್ತಿರುವಾಗಲೇ ಮುಂದಿನ ಸಾಲಿನಿಂದ ಒಬ್ಬರು ಕೇಳಿಬಿಟ್ಟರು: "ಸಾರ್, ಹೋಟೆಲಲ್ಲಿ ಹುರಿದು ಕೊಡ್ತಾರಲ್ಲ, ಅದು ಯಾವ ಮೀನು ಅಂತ ನಿಮ್ಮ ಲ್ಯಾಬಲ್ಲಿ ಹೇಳಕ್ಕಾಗುತ್ತಾ?" ಆಗುತ್ತದೆ. ಎಣ್ಣೆಯ ಬಿಸಿಗೆ ಡಿಎನ್‌ಎ ಚೂರುಚೂರಾಗುತ್ತದೆ, ಆದರೆ ಪೂರ್ತಿ ಹಾಳಾಗುವುದಿಲ್ಲ. ಸಣ್ಣ ಚೂರು ಸಿಕ್ಕಿದರೂ ಎಷ್ಟೋ ಸಲ ಕೆಲಸ ನಡೆಯುತ್ತದೆ. ವಿಯೆಟ್ನಾಮಿನ ಕೊಳಗಳಲ್ಲಿ ಸಾಕಿದ ಬಾಸಾ ಮೀನು ಬೇರೆ ಹೆಸರು ಹೊತ್ತು ತಟ್ಟೆಗೆ ಬಂದಿದ್ದನ್ನು ಬೇರೆ ಬೇರೆ ದೇಶಗಳಲ್ಲಿ ಹೀಗೇ ಪತ್ತೆ ಹಚ್ಚಿದ್ದಾರೆ.

ಆದರೆ ಇವತ್ತು ನಾನು ಹೇಳಹೊರಟಿರುವುದು ತಟ್ಟೆಗೆ ಬರದ ಒಂದು ಮೀನಿನ ಕಥೆ. ಒಂದೂವರೆ ಮೀಟರ್ ಉದ್ದ, 45 ಕಿಲೋಗೂ ಜಾಸ್ತಿ ತೂಕ ಬೆಳೆಯುವ ಮೀನು. ನಮ್ಮ ಕಾವೇರಿಯದ್ದೇ. ಇದನ್ನು ಹಿಡಿಯಲಿಕ್ಕೆ ಹೊರದೇಶಗಳಿಂದ ಜನ ಬರುತ್ತಿದ್ದರು. 150 ವರ್ಷಗಳಿಂದ ಇದರ ಫೋಟೋ, ಚಿತ್ರ, ತೂಕದ ಲೆಕ್ಕ ಎಲ್ಲ ಇದೆ. ಇಷ್ಟಿದ್ದೂ 2018ರ ತನಕ ಇದಕ್ಕೆ ವಿಜ್ಞಾನದ ಪುಸ್ತಕದಲ್ಲಿ ಒಂದು ಗಟ್ಟಿ ಹೆಸರು ಇರಲಿಲ್ಲ.

ವಿಚಿತ್ರ ಅಲ್ವಾ?

ಗೂನು ಬೆನ್ನಿನ ಮಹಶೀರ್ ಅಂತ ಕರೆಯೋಣ. ತಲೆ ಮುಗಿದು ಬೆನ್ನು ಶುರುವಾಗುವ ಕಡೆ ಒಂದು ಗೂನು. ರೆಕ್ಕೆಗಳು ಕಿತ್ತಳೆ ಬಣ್ಣ. ದೊಡ್ಡ ಮೀನಿನ ಒಂದೊಂದು ಹುರುಪೆಯೂ ಅಂಗೈ ಅಗಲ. ದವಡೆಯಲ್ಲಿ ಹಲ್ಲಿಲ್ಲ, ಹಲ್ಲಿರುವುದು ಗಂಟಲಿನಲ್ಲಿ. ಏಡಿ, ಬಸವನಹುಳು ಸಿಕ್ಕಿದರೆ ಗಂಟಲಿಗೆ ಎಳೆದುಕೊಂಡು ಅಲ್ಲೇ ಪುಡಿ ಮಾಡುತ್ತದೆ. ಶೃಂಗೇರಿಯಲ್ಲಿ, ಶಿಶಿಲದಲ್ಲಿ ನೀವೆಲ್ಲ ಪುರಿ ಎಸೆದಿರುತ್ತೀರಿ. ಆ ದೇವರ ಮೀನುಗಳೂ ಮಹಶೀರ್ ಬಳಗದವೇ, ಆದರೆ ಈ ಗೂನು ಬೆನ್ನಿನವಲ್ಲ. ಇದು ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಹುಟ್ಟುವುದಿಲ್ಲ.

(ಒಂದು ಮಾತು. ಮೀನುಗಾರರು "ಜಾತಿ" ಅನ್ನುತ್ತಾರೆ, ಪಠ್ಯಪುಸ್ತಕ "ಪ್ರಭೇದ" ಅನ್ನುತ್ತದೆ. ಜಾತಿ ಅಂದಕೂಡಲೇ ನಮ್ಮಲ್ಲಿ ಬೇರೆ ಏನೇನೋ ನೆನಪಾಗುತ್ತದೆ. ಅದಕ್ಕೆ ನಾನೂ ಪ್ರಭೇದ ಅಂತಲೇ ಹೇಳುತ್ತೇನೆ.)

1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದ ಒಬ್ಬರು ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದರು. ಅಂದರೆ 54 ಕಿಲೋ. ಮೈಸೂರಲ್ಲಿ ಹುಲಿ, ಚಿರತೆ ಚರ್ಮಕ್ಕೆ ಹೊಟ್ಟು ತುಂಬುತ್ತಿದ್ದ ಅದೇ ಪ್ರಸಿದ್ಧ ಮನೆತನ. ಆಮೇಲೆ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿ ಕಡೆ ಗಾಳ ಹಾಕುವವರ ಕ್ಯಾಂಪುಗಳು ಬಂದವು. ಹಿಡಿಯುವುದು, ತೂಗುವುದು, ಫೋಟೋ ತೆಗೆದು ವಾಪಸ್ ನೀರಿಗೆ ಬಿಡುವುದು. ಗಾಳಕ್ಕೆ ಸಿಕ್ಕಿಸುತ್ತಿದ್ದದ್ದು ಏನು ಗೊತ್ತಾ? ರಾಗಿ ಮುದ್ದೆ. ಇಂಗ್ಲೆಂಡಿನಿಂದ ಬಂದ ಸಾಹೇಬರ ದುಬಾರಿ ರಾಡಿನ ತುದಿಯಲ್ಲಿ ನಮ್ಮ ರಾಗಿ ಮುದ್ದೆ. ಈ ಮೀನಿಗೂ ಮಂಡ್ಯದ ನಾಲಿಗೆ!

ಇನ್ನು ಹೆಸರಿನ ರಗಳೆಗೆ ಬರೋಣ.

1839ರಲ್ಲಿ ಸೈಕ್ಸ್ ಅನ್ನುವ ಬ್ರಿಟಿಷ್ ಸೇನಾಧಿಕಾರಿ ಪುಣೆ ಸುತ್ತಿನ ನದಿಗಳ ಮೀನುಗಳನ್ನು ಪಟ್ಟಿ ಮಾಡಿದ. ಅದರಲ್ಲಿ ಖುದ್ರೀ ಅಂತ ಒಂದು, ಮುಸ್ಸುಲ್ಲಾ ಅಂತ ಇನ್ನೊಂದು. ಮುಂದೆ ಬಂದವರು ಕಾವೇರಿಯ ಗೂನು ಮೀನು ನೋಡಿ, ಇದು ಆ ಮುಸ್ಸುಲ್ಲಾನೇ ಇರಬೇಕು ಅಂದುಕೊಂಡರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನಕಲು ಮಾಡಿದರು. ಬಹಳ ವರ್ಷ ಹಾಗೇ ನಡೆಯಿತು. ಸೈಕ್ಸ್ ಬರೆದದ್ದನ್ನು ಸರಿಯಾಗಿ ಕೂತು ಓದಿದಾಗ ಗೊತ್ತಾಯಿತು, ಮುಸ್ಸುಲ್ಲಾ ಮಹಶೀರೇ ಅಲ್ಲ, ಬೇರೆ ಕುಲದ, ಅಂದರೆ ಪ್ರಭೇದಗಳ ಬೇರೆಯೇ ಗುಂಪಿನ ಮೀನು. ಹಾಗಾಗಿ ಕಾವೇರಿಯ ಮೀನು ಇಷ್ಟು ದಿನ ಬೇರೆ ಯಾರದ್ದೋ ರೇಷನ್ ಕಾರ್ಡ್ ಇಟ್ಟುಕೊಂಡು ಓಡಾಡಿದ ಹಾಗಾಯಿತು. ಕಾರ್ಡ್ ವಾಪಸ್ ಕೊಟ್ಟ ಮೇಲೆ ಅದರ ಕೈಯಲ್ಲಿ ಏನೂ ಇಲ್ಲ.

ಹೆಸರಿಲ್ಲದಿದ್ದರೆ ಏನಾಯಿತು, ಮೀನು ಮೀನೇ ತಾನೆ ಅನ್ನಬಹುದು. ನಾನೂ ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಾಗೇ ಅಂದುಕೊಂಡಿದ್ದೆ.

1970ರ ದಶಕದಲ್ಲಿ ಮಹಶೀರ್ ಕಡಿಮೆಯಾಗುತ್ತಿದೆ ಅನ್ನುವ ಕಾಳಜಿ ಹುಟ್ಟಿತು. ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯ ಕೆರೆಗಳ ಹತ್ತಿರ ಮಹಶೀರ್ ಮರಿ ಮಾಡುವ ಕೇಂದ್ರ ಇತ್ತು. ಅಲ್ಲಿ ಹುಟ್ಟಿದ ಖುದ್ರೀ ಮರಿಗಳು ದೇಶದ ಎಷ್ಟೋ ನದಿಗಳಿಗೆ ಹೋದವು. ಕಾವೇರಿಗೂ ಬಂದವು. ಖುದ್ರೀ ನೀಲಿ ರೆಕ್ಕೆಯ ಮಹಶೀರ್. ಬಿಟ್ಟವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮಹಶೀರ್ ಕಡಿಮೆಯಾಗಿದೆ, ಮಹಶೀರ್ ಬಿಡೋಣ. ಅಷ್ಟೇ ಲೆಕ್ಕ.

ಗಾಳಿಬೋರೆ ಕ್ಯಾಂಪಿನಲ್ಲಿ ಹಿಡಿದ ಮೀನುಗಳ ಲೆಕ್ಕ ಬರೆದಿಡುತ್ತಿದ್ದರು. ಯಾವತ್ತು, ಎಷ್ಟು ಹೊತ್ತು ಗಾಳ ಹಾಕಿದರು, ಯಾವ ಮೀನು, ಎಷ್ಟು ತೂಕ. 1998ರಿಂದ 2012ರ ತನಕದ ಆ ಲೆಕ್ಕವನ್ನು ಇಂಗ್ಲೆಂಡಿನ ಬೋರ್ನ್‌ಮತ್ ವಿಶ್ವವಿದ್ಯಾಲಯದ ಏಡ್ರಿಯನ್ ಪಿಂಡರ್ ಮತ್ತು ಸಂಗಡಿಗರು ಕೂತು ನೋಡಿದರು. 6,000ಕ್ಕೂ ಜಾಸ್ತಿ ಮೀನು. ಒಟ್ಟು ಸಂಖ್ಯೆ ನೋಡಿದರೆ ಖುಷಿಪಡಬೇಕು, ಮಹಶೀರ್ ಏರುತ್ತಾ ಹೋಗಿದೆ. ಬಣ್ಣ ಬೇರೆ ಮಾಡಿ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಏರಿದ್ದೆಲ್ಲ ನೀಲಿ ರೆಕ್ಕೆ. ಕಿತ್ತಳೆ ರೆಕ್ಕೆಯ ಗೂನು ಮೀನು ವರ್ಷದಿಂದ ವರ್ಷಕ್ಕೆ ಇಳಿದು ಇಳಿದು, ಕೊನೆಕೊನೆಗೆ ಕಾಣುವುದೇ ಅಪರೂಪವಾಗಿದೆ.

ಎರಡಕ್ಕೂ "ಮಹಶೀರ್" ಅನ್ನುವ ಒಂದೇ ಚೀಟಿ ಅಂಟಿಸಿದ್ದರಿಂದ, ಒಂದು ಹೋಗುತ್ತಿರುವುದು ಇನ್ನೊಂದರ ಲೆಕ್ಕದಲ್ಲಿ ಮುಚ್ಚಿಹೋಗಿತ್ತು. ಸರಿ, ಕೂಡಲೇ ಇದನ್ನು ಅಳಿವಿನ ಅಂಚಿನ ಪಟ್ಟಿಗೆ ಸೇರಿಸಿ ಅಂತ ಹೇಳೋಣ ಅಂದರೆ ಪಟ್ಟಿ ಮಾಡುವವರು ಕೇಳುವ ಮೊದಲ ಪ್ರಶ್ನೆ: ಹೆಸರೇನು?

ಇಲ್ಲಿಂದ ಡಿಎನ್‌ಎ ವಿಷಯ.

ಇದನ್ನು ನೋಡಿ. (ಕೈಯಲ್ಲಿದ್ದ ಟ್ಯೂಬನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದೆ.) ಕಿರುಬೆರಳಿನ ಅರ್ಧದಷ್ಟಿದೆ. ಒಳಗೆ ಎಥನಾಲ್ ಅನ್ನುವ ಆಲ್ಕೋಹಾಲ್, ಅದರ ತಳದಲ್ಲಿ ಉಗುರು ಕತ್ತರಿಸಿದ ಚೂರಿನಂತೆ ಕಾಣುತ್ತದಲ್ಲ, ಅದು ಮೀನಿನ ರೆಕ್ಕೆಯ ಅಂಚು. ಇಷ್ಟು ಸಾಕು. ಮೀನನ್ನು ಕೊಲ್ಲಬೇಕಿಲ್ಲ. ಒದ್ದೆ ಬಟ್ಟೆಯಲ್ಲಿ ಹಿಡಿದು, ಸಣ್ಣ ಕತ್ತರಿಯಿಂದ ರೆಕ್ಕೆಯ ತುದಿ ಚೂರು ಕತ್ತರಿಸಿ, ನೀರಿಗೆ ಬಿಟ್ಟರೆ ಆಯಿತು. ರೆಕ್ಕೆ ಮತ್ತೆ ಬೆಳೆಯುತ್ತದೆ. ಕತ್ತರಿಯನ್ನು ಮಾತ್ರ ಪ್ರತಿ ಮೀನಿಗೂ ಒರೆಸಿ ಸುಡಬೇಕು. ಇಲ್ಲದಿದ್ದರೆ ಹಿಂದಿನ ಮೀನು ಮುಂದಿನ ಟ್ಯೂಬಿಗೆ ಸೇರಿಕೊಳ್ಳುತ್ತದೆ.

ಈಗ ಟ್ಯೂಬಿನೊಳಗೆ ಇನ್ನೊಂದು ವಸ್ತು ಇದೆ, ಗಮನಿಸಿ. ಒಂದು ಕಾಗದದ ಚೂರು. ಅದರ ಮೇಲೆ ಪೆನ್ಸಿಲಿನಲ್ಲಿ ಬರೆದಿದೆ: ನಂಬರು, ಹೊಳೆ, ಊರು, ತಾರೀಕು. ಪೆನ್ಸಿಲೇ ಯಾಕೆ? ಇದನ್ನು ನಾನು ಕಲಿತದ್ದು ದುಬಾರಿಯಾಗಿ. ಮೊದಲ ವರ್ಷ ಒಂದು ಡಬ್ಬಿಯಲ್ಲಿ 40 ಟ್ಯೂಬು ಜೋಡಿಸಿಕೊಂಡು ಬಸ್ಸಿನಲ್ಲಿ ಬಂದೆ. ಹೊರಗಡೆ ಮಾರ್ಕರ್ ಪೆನ್ನಲ್ಲಿ ಅಂದವಾಗಿ ನಂಬರು ಹಾಕಿದ್ದೆ. ದಾರಿಯಲ್ಲಿ ಒಂದೆರಡು ಟ್ಯೂಬಿನ ಮುಚ್ಚಳ ಸಡಿಲವಾಗಿ ಎಥನಾಲ್ ಸೋರಿದೆ. ಡಬ್ಬಿ ತೆರೆದರೆ ಒಳಗೆಲ್ಲ ನೀಲಿ ನೀರು, ಟ್ಯೂಬುಗಳು ಮಾತ್ರ ತೊಳೆದ ಹಾಗೆ ಸ್ವಚ್ಛ. ಎಥನಾಲ್ ಇಂಕನ್ನು ಕರಗಿಸುತ್ತದೆ, ಪೆನ್ಸಿಲಿನ ಸೀಸವನ್ನು ಕರಗಿಸುವುದಿಲ್ಲ. 40 ರೆಕ್ಕೆಗಳಲ್ಲೂ ಡಿಎನ್‌ಎ ಚೆನ್ನಾಗಿಯೇ ಇತ್ತು. ಆದರೆ ಯಾವುದು ಯಾವ ಹೊಳೆಯದ್ದು ಅಂತ ಹೇಳುವವರೇ ಇಲ್ಲ. ನಮ್ಮ ಲ್ಯಾಬಿನ ಮೇಡಂ ಬೈಯಲೂ ಇಲ್ಲ. ಡ್ರಾಯರಿನಿಂದ ಒಂದು ಪೆನ್ಸಿಲ್ ತೆಗೆದು ನನ್ನ ಜೇಬಿಗೆ ಸಿಕ್ಕಿಸಿದರು. ಬೈದಿದ್ದರೇ ಚೆನ್ನಾಗಿತ್ತು.

ಲ್ಯಾಬಿನಲ್ಲಿ ನಡೆಯುವುದನ್ನು ಬೇಗ ಹೇಳಿಬಿಡುತ್ತೇನೆ. ರೆಕ್ಕೆಯ ಚೂರಿಗೆ ಪ್ರೋಟೀನ್ ಕರಗಿಸುವ ಕಿಣ್ವ ಹಾಕಿ 56 ಡಿಗ್ರಿ ಬಿಸಿಯಲ್ಲಿ ರಾತ್ರಿ ಇಡುತ್ತೇವೆ. ಬೆಳಗ್ಗೆ ಬಂದು ನೋಡಿದರೆ ರೆಕ್ಕೆ ಇರುವುದಿಲ್ಲ, ಗಂಜಿ ತಿಳಿಯಂಥ ನೀರು ಇರುತ್ತದೆ. ಅದರಿಂದ ಡಿಎನ್‌ಎ ಬೇರೆ ಮಾಡುತ್ತೇವೆ. ಆಮೇಲೆ ನಮಗೆ ಬೇಕಾದ ಒಂದೇ ಒಂದು ತುಂಡನ್ನು ಪಿಸಿಆರ್ ಯಂತ್ರದಲ್ಲಿ ನಕಲು ಮಾಡಿಸುತ್ತೇವೆ. ಕೋವಿಡ್ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡವರಿಗೆಲ್ಲ ಈ ಹೆಸರು ಪರಿಚಯ. ಸುಮಾರು 95 ಡಿಗ್ರಿಗೆ ಕಾಯಿಸು, ತಣಿಸು, 72ಕ್ಕೆ ಏರಿಸು. ಪ್ರತಿ ಸುತ್ತಿಗೂ ಒಂದು ಎರಡಾಗುತ್ತದೆ. 30 ಸುತ್ತು ಮುಗಿಯುವಾಗ, ಲೆಕ್ಕದ ಪ್ರಕಾರ, ಒಂದು ತುಂಡು 107 ಕೋಟಿ ಆಗಿರುತ್ತದೆ. ಅಷ್ಟು ಬಿಸಿಯಲ್ಲೂ ಕೆಡದ ಕಿಣ್ವ ಬೇಕಲ್ಲ, ಅದು ಮೊದಲು ಸಿಕ್ಕಿದ್ದು ಅಮೆರಿಕದ ಯೆಲ್ಲೊಸ್ಟೋನ್‌ನ ಬಿಸಿನೀರಿನ ಬುಗ್ಗೆಯ ಬ್ಯಾಕ್ಟೀರಿಯಾದಲ್ಲಿ.

ಯಾವ ತುಂಡು? ಇದು ಮುಖ್ಯ.

ಜೀವಕೋಶದಲ್ಲಿ ಮೈಟೋಕಾಂಡ್ರಿಯಾ ಅಂತ ಇರುತ್ತದೆ, ಕೋಶಕ್ಕೆ ಶಕ್ತಿ ಕೊಡುವ ಸಣ್ಣ ಸಣ್ಣ ಒಲೆಗಳು. ಅವಕ್ಕೆ ತಮ್ಮದೇ ಪುಟ್ಟ ಡಿಎನ್‌ಎ ಇದೆ. ಮೀನುಗಳಲ್ಲಿ ಅದು ಹೆಚ್ಚೂಕಡಿಮೆ 16,500 ಅಕ್ಷರದ ಒಂದು ಉಂಗುರ. ಅಕ್ಷರ ಅಂದರೆ ನಾಲ್ಕೇ: ಎ, ಟಿ, ಜಿ, ಸಿ. ಆ ಉಂಗುರದಲ್ಲಿ ಸಿಓಐ ಅನ್ನುವ ಜೀನಿನ 650 ಅಕ್ಷರದಷ್ಟು ಭಾಗವನ್ನು ಓದಿದರೆ ಪ್ರಾಣಿ ಯಾವುದು ಅಂತ ಹೇಳಬಹುದು ಎಂದು 2003ರಲ್ಲಿ ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಪಾಲ್ ಹೆಬರ್ಟ್ ಮತ್ತು ಜೊತೆಗಾರರು ಬರೆದರು. ಅಂಗಡಿಯ ಸಾಮಾನಿನ ಮೇಲೆ ಗೆರೆಗೆರೆಯ ಚೀಟಿ ಇರುತ್ತದಲ್ಲ, ಆ ಹೆಸರೇ ಇದಕ್ಕೂ ಬಂತು, ಡಿಎನ್‌ಎ ಬಾರ್‌ಕೋಡ್. 2005ರಲ್ಲಿ ಆಸ್ಟ್ರೇಲಿಯಾದ ಬಾಬ್ ವಾರ್ಡ್ ತಂಡ 207 ಪ್ರಭೇದದ ಮೀನುಗಳ ಮೇಲೆ ಇದನ್ನು ಹಾಕಿ ನೋಡಿತು. ಅವರ ಮೀನುಗಳು ಹೆಚ್ಚಿನವು ಕಡಲಿನವು. ಒಂದೇ ಪ್ರಭೇದದ ಎರಡು ಮೀನಿನ ನಡುವೆ ವ್ಯತ್ಯಾಸ ಸರಾಸರಿ ಶೇಕಡಾ 0.39. ಒಂದೇ ಕುಲದ ಬೇರೆ ಬೇರೆ ಪ್ರಭೇದಗಳ ನಡುವೆ ಶೇಕಡಾ 9.93. ಅಂದರೆ 650 ಅಕ್ಷರದಲ್ಲಿ ಅಣ್ಣತಮ್ಮಂದಿರ ನಡುವೆ ಎರಡು ಮೂರು ಅಕ್ಷರ ಬೇರೆ, ಪಕ್ಕದ ಮನೆಯವರ ಜೊತೆ ಅರವತ್ತು ಚಿಲ್ಲರೆ ಅಕ್ಷರ ಬೇರೆ. ಮಧ್ಯೆ ದೊಡ್ಡ ಖಾಲಿ ಜಾಗ. ಆ ಖಾಲಿ ಜಾಗ ಇರುವುದರಿಂದಲೇ ಈ ವಿದ್ಯೆ ನಡೆಯುತ್ತದೆ. ಮಹಶೀರ್ ಬಳಗದಲ್ಲಿ ಆ ಜಾಗ ಇಷ್ಟು ಅಗಲ ಇಲ್ಲ. ಅದಕ್ಕೇ ಅಲ್ಲಿ ಒಂದೇ ಜೀನನ್ನು ನಂಬಿ ಕೂರದೆ ಮೈಕಟ್ಟು, ಹುರುಪೆ, ಬಣ್ಣ ಎಲ್ಲ ಸೇರಿಸಿ ನೋಡುತ್ತಾರೆ.

ಓದಿದ ಮೇಲೆ ಕಂಪ್ಯೂಟರಿನಲ್ಲಿ ಬೆಟ್ಟದ ಸಾಲಿನಂಥ ಗೆರೆ ಬರುತ್ತದೆ. ಹಸಿರು ಶಿಖರ ಎ, ಕೆಂಪು ಟಿ, ನೀಲಿ ಸಿ, ಕಪ್ಪು ಜಿ. ಶಿಖರಗಳು ಒಂದರ ಪಕ್ಕ ಒಂದು ಬಿಡಿಬಿಡಿಯಾಗಿ ನಿಂತಿದ್ದರೆ ಓದು ಚೆನ್ನಾಗಿದೆ. ಒಂದರ ಕಾಲಡಿ ಇನ್ನೊಂದು ಇಣುಕುತ್ತಿದ್ದರೆ ಎಲ್ಲೋ ಎರಡು ಮೀನು ಬೆರೆತಿದೆ, ಕತ್ತರಿ ಸರಿಯಾಗಿ ಒರೆಸಿಲ್ಲ. ಕಂಪ್ಯೂಟರ್ ಬಿಡಿ, ಒಂದು ವರ್ಷ ಇದನ್ನೇ ನೋಡಿದವರ ಕಣ್ಣೇ ಹೇಳಿಬಿಡುತ್ತದೆ.

ಈಗ 650 ಅಕ್ಷರ ಕೈಯಲ್ಲಿದೆ. ಅದರಲ್ಲಿ ಎಲ್ಲಾದರೂ "ನಾನು ಇಂಥ ಮೀನು" ಅಂತ ಬರೆದಿದೆಯಾ? ಇಲ್ಲ. ಸುಮ್ನೆ ಅಕ್ಷರಗಳ ಸಾಲು. ಅದನ್ನು ಹಿಂದೆ ಯಾರೋ ಓದಿ, ಹೆಸರು ಬರೆದು ಇಟ್ಟ ಸಾಲುಗಳ ಜೊತೆ ಹೋಲಿಸಬೇಕು. ಅಂಥ ದೊಡ್ಡ ದೊಡ್ಡ ಖಜಾನೆಗಳು ಕಂಪ್ಯೂಟರಿನಲ್ಲಿವೆ, ಯಾರು ಬೇಕಾದರೂ ತೆರೆದು ನೋಡಬಹುದು. ಯಾರು ಬೇಕಾದರೂ ಸೇರಿಸಲೂಬಹುದು. ತಲೆನೋವು ಶುರುವಾಗುವುದೇ ಅಲ್ಲಿ.

ನಿಮ್ಮಲ್ಲಿ ಜಮೀನಿರುವವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಸರ್ವೆಯವರು ಬಂದು ಚೈನ್ ಎಳೆದು ಗುಂಟೆ ಲೆಕ್ಕ ಎಷ್ಟೇ ಸರಿಯಾಗಿ ಕೊಡಲಿ, ಪಹಣಿಯಲ್ಲೇ ಹೆಸರು ತಪ್ಪಿದ್ದರೆ ಜಮೀನು ಯಾರದ್ದಾಗುತ್ತದೆ? ಯಾರೋ ಮಾರ್ಕೆಟ್ಟಿನಿಂದ ಮೀನು ತಂದು, ನೋಡಿ ತಪ್ಪು ಹೆಸರು ಹೇಳಿ, ಅದರ ಡಿಎನ್‌ಎ ಓದಿ ಖಜಾನೆಗೆ ಹಾಕಿರುತ್ತಾರೆ. ನಾನು ಹೋಲಿಸುತ್ತೇನೆ, ಶೇಕಡಾ 99.8 ಹೊಂದಾಣಿಕೆ ಬರುತ್ತದೆ, ಖುಷಿಯಾಗಿ ಅದೇ ತಪ್ಪು ಹೆಸರನ್ನು ನನ್ನ ಮೀನಿಗೂ ಇಡುತ್ತೇನೆ. ಈಗ ತಪ್ಪಿಗೆ ಎರಡು ಸಾಕ್ಷಿ. ಮಹಶೀರ್ ವಿಷಯದಲ್ಲಿ ಇದು ನಿಜವಾಗಿ ನಡೆದಿದೆ, ಒಂದೇ ಮೀನು ಎರಡು ಮೂರು ಹೆಸರಲ್ಲಿ ಕೂತಿರುವುದುಂಟು.

ಹಾಗಾದರೆ ಗೂನು ಮಹಶೀರ್‌ಗೆ ಹೆಸರು ಎಲ್ಲಿಂದ ಬಂತು? ನನಗೆ ಈ ಇಡೀ ಕಥೆಯಲ್ಲಿ ಬಹಳ ಇಷ್ಟವಾದ ಜಾಗ ಇದು.

ಕೇರಳದ ನದಿಗಳೆಲ್ಲ ಪಡುವಣ ಕಡಲಿಗೆ ಓಡುತ್ತವೆ, ಮೂರನ್ನು ಬಿಟ್ಟು. ಕಬಿನಿ, ಭವಾನಿ, ಪಾಂಬಾರ್. ಮೂರೂ ಪೂರ್ವಕ್ಕೆ ತಿರುಗಿ ಕೊನೆಗೆ ಕಾವೇರಿಗೆ ಸೇರುತ್ತವೆ. ಪಾಂಬಾರ್ ಮರಯೂರಿನ ಕಡೆ ಹುಟ್ಟಿ ಚಿನ್ನಾರ್ ಅಭಯಾರಣ್ಯ ದಾಟಿ ತಮಿಳುನಾಡಿನ ಅಮರಾವತಿಗೆ ಸೇರುವ ಸಣ್ಣ ಹೊಳೆ. ಅಲ್ಲಿ ಕೊಚ್ಚಿಯ ಇಬ್ಬರು ಸಂಶೋಧಕರು, ಕುರುಪ್ ಮತ್ತು ರಾಧಾಕೃಷ್ಣನ್, ಕೆಲವು ಮಹಶೀರ್ ಮರಿಗಳನ್ನು ಹಿಡಿದರು. ಮೈಯ ಅಳತೆ ತೆಗೆದರು, ಹುರುಪೆ ಎಣಿಸಿದರು, ಹಳೆಯ ಬರಹಗಳ ಜೊತೆ ಇಟ್ಟು ನೋಡಿದರು. ಯಾವುದಕ್ಕೂ ಹೊಂದಲಿಲ್ಲ. ಹೊಸ ಪ್ರಭೇದ ಅಂತ ಬರೆದು ಹೆಸರಿಟ್ಟರು, ಟೋರ್ ರೆಮಾದೇವಿ. ಟೋರ್ ಅನ್ನುವುದು ಮಹಶೀರ್ ಕುಲದ ಹೆಸರು. ಮೀನುಗಳ ಮೇಲೆ ಬಹಳ ಕೆಲಸ ಮಾಡಿದ ಕೆ. ರೆಮಾದೇವಿ ಅನ್ನುವ ವಿಜ್ಞಾನಿಯ ಗೌರವಕ್ಕೆ ಇಟ್ಟ ಹೆಸರು. ಒಂದು ವಿಜ್ಞಾನ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಎಲ್ಲೋ ಕಾಡಿನ ಹೊಳೆಯ ಮರಿ ಮೀನು ತಾನೆ?

ಇತ್ತ ಪಿಂಡರ್, ಕೊಚ್ಚಿಯ ರಾಜೀವ್ ರಾಘವನ್, ಕೊಯಮತ್ತೂರಿನ ಮಣಿಮೇಕಲನ್ ಮತ್ತಿತರರು ಗೂನು ಮಹಶೀರ್ ಹುಡುಕುತ್ತಿದ್ದರು. ಅದು ಅವರಿಗೆ ಸಿಕ್ಕಿದ್ದು ಮೋಯಾರ್ ನದಿಯಲ್ಲಿ. ಬಂಡೀಪುರಕ್ಕೂ ಮುದುಮಲೆಗೂ ನಡುವಿನ ಆಳವಾದ ಕಣಿವೆ ನೆನಪಿದೆಯಾ, ಅದರ ತಳದಲ್ಲಿ ಹರಿಯುವ ನದಿ. ಮುಂದೆ ಭವಾನಿಗೆ ಸೇರಿ ಕಾವೇರಿಗೆ ಬರುತ್ತದೆ. ಆ ಮೀನಿನ ಮೈಕಟ್ಟು ನೋಡಿದರು, ಡಿಎನ್‌ಎ ಓದಿದರು, ಹೋಲಿಸಿದರು. ಹೊಂದಿದ್ದು ಪಾಂಬಾರಿನ ಆ ಮರಿ ಮೀನಿಗೆ! 2018ರಲ್ಲಿ ಅದು ಪ್ರಕಟವಾಯಿತು. ದೊಡ್ಡ ದೊಡ್ಡವರು ಫೋಟೋ ತೆಗೆಸಿಕೊಂಡ 50 ಕಿಲೋ ಮೀನೂ, ಕೇರಳದ ಹೊಳೆಯ ಗೇಣುದ್ದದ ಮರಿಯೂ ಒಂದೇ.

ಅದೇ ವರ್ಷ ನವೆಂಬರಿನಲ್ಲಿ ಟೋರ್ ರೆಮಾದೇವಿ ಐಯುಸಿಎನ್ ಅನ್ನುವ ಜಾಗತಿಕ ಸಂರಕ್ಷಣಾ ಸಂಸ್ಥೆಯ ಕೆಂಪು ಪಟ್ಟಿಗೆ, ಅಂದರೆ ಅಳಿವಿನ ಅಪಾಯದ ಪಟ್ಟಿಗೆ, ಸೇರಿತು, ಅತಿ ಗಂಭೀರ ಅಪಾಯದಲ್ಲಿದೆ ಅನ್ನುವ ಸಾಲಿನಲ್ಲಿ. ಅದಕ್ಕಿಂತ ಮೇಲಿನ ಸಾಲುಗಳು ಎರಡೇ: ಕಾಡಿನಲ್ಲಿ ಇಲ್ಲ, ಎಲ್ಲೂ ಇಲ್ಲ. ಹೆಸರು ಸಿಕ್ಕ ವರ್ಷವೇ ಮೀನು ಆ ಸ್ಥಿತಿ ತಲುಪಿತ್ತು.

ಪತ್ರಿಕೆಗಳು "ಡಿಎನ್‌ಎ ಪತ್ತೆ ಮಾಡಿತು" ಅಂತ ಬರೆಯುತ್ತವೆ. ನನಗೆ ಅದು ಅರ್ಧ ಮಾತು ಅನ್ನಿಸುತ್ತದೆ. ಪಾಂಬಾರಿನಲ್ಲಿ ಮಂಡಿಯುದ್ದ ನೀರಲ್ಲಿ ನಿಂತು ಮರಿ ಹಿಡಿದು, ಹುರುಪೆ ಎಣಿಸಿ, ಯಾವ ಹೊಳೆ ಯಾವ ಊರು ಅಂತ ಬರೆದಿಟ್ಟವರು ಇಲ್ಲದಿದ್ದರೆ ನಮ್ಮ ಯಂತ್ರ 650 ಅಕ್ಷರ ಕೊಟ್ಟು ಸುಮ್ಮನೆ ಕೂರುತ್ತಿತ್ತು. ಈಗ ಹುರುಪೆ ಎಣಿಸುವುದನ್ನು ಕಲಿಯಲು ಹುಡುಗರು ಬರುತ್ತಿಲ್ಲ. ಎಲ್ಲರಿಗೂ ಯಂತ್ರದ ಮುಂದೆಯೇ ಕೂರಬೇಕು. ನಾನೂ ಯಂತ್ರದ ಮುಂದೆ ಕೂತವನೇ, ಬೈಯುವ ಹಕ್ಕು ನನಗೂ ಇಲ್ಲ ಬಿಡಿ.

ಇನ್ನೊಂದು ತೊಡಕು ಹೇಳಿ ಮುಂದೆ ಹೋಗುತ್ತೇನೆ. ಮೈಟೋಕಾಂಡ್ರಿಯಾ ಬರುವುದು ತಾಯಿಯಿಂದ ಮಾತ್ರ. ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ, ಅಳಿಯಕಟ್ಟಿನಲ್ಲಿ ಬಳಿ ತಾಯಿಯಿಂದ ಬರುವ ಹಾಗೆ. ಬಳಿ ಕೇಳಿದರೆ ಅಮ್ಮ, ಅಜ್ಜಿ, ಮುತ್ತಜ್ಜಿಯ ಮನೆತನ ಗೊತ್ತಾಗುತ್ತದೆ, ಅಪ್ಪನ ಸುದ್ದಿ ಇಲ್ಲ. ಥಾಯ್ಲೆಂಡಿನಲ್ಲಿ ಅಲ್ಲಿನ ಊರ ಕ್ಯಾಟ್‌ಫಿಶ್ ಹೆಣ್ಣಿಗೂ ಆಫ್ರಿಕನ್ ಕ್ಯಾಟ್‌ಫಿಶ್ ಗಂಡಿಗೂ ಬೆರಕೆ ಮಾಡಿ ಸಾಕುತ್ತಾರೆ. ಆ ಬೆರಕೆ ಮೀನಿನ ಬಾರ್‌ಕೋಡ್ ಓದಿದರೆ ಅಪ್ಪಟ ಥಾಯ್ ಮೀನು ಅಂತ ಬರುತ್ತದೆ. ಅಪ್ಪ ಆಫ್ರಿಕಾದವನು ಅನ್ನುವುದು ಗೊತ್ತೇ ಆಗುವುದಿಲ್ಲ. ಕಾವೇರಿಯಲ್ಲಿ ನೀಲಿ ರೆಕ್ಕೆ, ಕಿತ್ತಳೆ ರೆಕ್ಕೆ ಎರಡೂ ಒಂದೇ ಮಡುವಿನಲ್ಲಿ ಇದ್ದವು ಅಂದಮೇಲೆ ಬೆರಕೆಯ ಪ್ರಶ್ನೆ ಏಳುತ್ತದೆ. ಅದನ್ನು ಕೇಳಬೇಕಾದರೆ ಕೋಶದ ಕೇಂದ್ರದಲ್ಲಿರುವ ಡಿಎನ್‌ಎ ಓದಬೇಕು. ಮಹಶೀರ್‌ಗಳಲ್ಲಿ ಅದು 100 ವರ್ಣತಂತುಗಳ ದೊಡ್ಡ ಗಂಟು. 650 ಅಕ್ಷರದ ಹಾಗೆ ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ ಅಲ್ಲ.

ಇನ್ನು ನೀರಿನ ವಿಷಯ. ಮೀನು ಹಿಡಿಯದೆ ಬರೀ ನೀರು ತಂದರೂ ಈಗ ಸಾಕಾಗುತ್ತದೆ. ಮೀನಿನ ಲೋಳೆ, ಹಿಕ್ಕೆ, ಉದುರಿದ ಕೋಶ ಎಲ್ಲ ನೀರಿನಲ್ಲೇ ಇರುತ್ತವಲ್ಲ. ಒಂದೆರಡು ಲೀಟರ್ ನೀರನ್ನು ನುಣ್ಣನೆಯ ಫಿಲ್ಟರ್ ಕಾಗದದಲ್ಲಿ ಸೋಸಿ, ಕಾಗದದ ಮೇಲೆ ಉಳಿದದ್ದರ ಡಿಎನ್‌ಎ ಓದುವುದು. 2008ರಲ್ಲಿ ಫ್ರಾನ್ಸಿನ ಕೊಳಗಳಲ್ಲಿ ಹೊರಗಿನಿಂದ ಬಂದ ಬುಲ್‌ಫ್ರಾಗ್ ಕಪ್ಪೆಯನ್ನು ಹೀಗೆ ಪತ್ತೆ ಮಾಡಿದರು. 2015ರಲ್ಲಿ ಜಪಾನಿನ ಮಸಾಕಿ ಮಿಯಾ ತಂಡ ಒಕಿನಾವಾದ ದೊಡ್ಡ ಅಕ್ವೇರಿಯಂ ತೊಟ್ಟಿಗಳ ನೀರಲ್ಲೇ ಪರೀಕ್ಷೆ ಇಟ್ಟುಕೊಂಡಿತು. ತೊಟ್ಟಿಯಲ್ಲಿ ಯಾವ ಮೀನಿದೆ ಅನ್ನುವುದು ಮೊದಲೇ ಗೊತ್ತಲ್ಲ, ಉತ್ತರ ತಾಳೆ ನೋಡುವುದು ಸುಲಭ. ಖಜಾನೆಯಲ್ಲಿ ಅಕ್ಷರ ಇದ್ದ 180 ಪ್ರಭೇದಗಳಲ್ಲಿ 168 ನೀರಲ್ಲೇ ಸಿಕ್ಕವು. ಸ್ಕಾಟ್ಲೆಂಡಿನ ಲಾಕ್ ನೆಸ್ ಸರೋವರದಲ್ಲಿ ರಾಕ್ಷಸ ಇದೆ ಅನ್ನುತ್ತಾರಲ್ಲ, ಅಲ್ಲಿನ ನೀರನ್ನೂ 2018ರಲ್ಲಿ ಹೀಗೆ ಸೋಸಿದರು. ರಾಕ್ಷಸ ಸಿಗಲಿಲ್ಲ. ಹಾವುಮೀನು ಮಾತ್ರ ಎಲ್ಲ ಕಡೆ ಸಿಕ್ಕಿತು.

ಕಾವೇರಿಯ ಆಳದ ಮಡುಗಳಿಗೆ ಇದು ಬಹಳ ಉಪಯೋಗದ್ದು. ಮೊಸಳೆ ಇರುವ ಮಡುವಿಗೆ ಬಲೆ ಹಾಕಲು ಇಳಿಯುವುದಕ್ಕಿಂತ ದಡದಲ್ಲಿ ನಿಂತು ಎರಡು ಬಾಟಲಿ ನೀರು ತುಂಬುವುದು ವಾಸಿ. ಆದರೆ ನೀರು ಹರಿಯುತ್ತದೆ. ಸಿಕ್ಕ ಡಿಎನ್‌ಎ ಈ ಮಡುವಿನದ್ದಾ, ಮೇಲಿನ ಊರಿನದ್ದಾ? ಬದುಕಿರುವ ಮೀನಿನದ್ದಾ, ಸತ್ತದ್ದರದ್ದಾ? ಮಳೆಗಾಲದ ಕೆಂಪು ನೀರಾದರೆ ಒಂದು ಲೋಟ ಸೋಸುವಷ್ಟರಲ್ಲಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಬೇಸಿಗೆಯಲ್ಲೇ ಹೋಗಬೇಕು.

ನನ್ನ ಮಾತು ಇಷ್ಟು. ಪ್ರಶ್ನೆ ಕೇಳಿ.

*

ಕಾಲೇಜಿನ ಹುಡುಗಿಯೊಬ್ಬಳು ಕೇಳಿದಳು: "ಸಾರ್, ನಮ್ಮೂರ ಕೆರೆಯ ಮೀನುಗಳನ್ನು ಬಾರ್‌ಕೋಡ್ ಮಾಡಕ್ಕೆ ನಾವೇ ಶುರು ಮಾಡಬಹುದಾ?"

ಮಾಡಬಹುದು ಅಂದೆ. ರೆಕ್ಕೆಯ ಚೂರು ತೆಗೆಯುವ ಮೊದಲು ಮೀನಿನ ಎಡಪಕ್ಕದ ಫೋಟೋ ತೆಗೆಯಿರಿ, ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಕೆರೆಯಲ್ಲಿ ಬಲೆ ಹಾಕುವವರನ್ನು ಕೇಳಿ, ಅವರು ಏನಂತ ಕರೆಯುತ್ತಾರೋ ಆ ಹೆಸರನ್ನೂ ಬರೆದುಕೊಳ್ಳಿ. ಒಂದೇ ಮೀನಿಗೆ ಎರಡು ಹೆಸರು ಹೇಳಿದರೆ ಎರಡನ್ನೂ ಬರೆಯಿರಿ. ಅವರು ಬೇರೆ ಬೇರೆ ಅಂದದ್ದು ನಿಜವಾಗಿ ಬೇರೆ ಬೇರೆಯೇ ಆಗಿದ್ದ ಉದಾಹರಣೆಗಳು ಬೇಕಾದಷ್ಟಿವೆ. ಒಂದಾದರೂ ಇಡೀ ಮೀನನ್ನು ಕಾಲೇಜಿನ ಮ್ಯೂಸಿಯಂನಲ್ಲಿ ಇಡಿ. ನಾಳೆ ಯಾರಾದರೂ ಹೆಸರು ತಪ್ಪು ಅಂದರೆ ತೆಗೆದು ನೋಡಲು ಮೀನು ಇರಬೇಕಲ್ಲ.

ಇನ್ನೊಬ್ಬರು: "ಹಾಗಾದರೆ ಆ ನೀಲಿ ರೆಕ್ಕೆ ಮೀನನ್ನೆಲ್ಲ ಹಿಡಿದು ಹಾಕಿದ್ರೆ ಸರಿಹೋಗುತ್ತಾ?"

ಅಷ್ಟು ಸುಲಭ ಇಲ್ಲ. ನೀಲಿ ರೆಕ್ಕೆ ಒಂದೇ ಕಾರಣ ಅಂತಲೂ ಹೇಳಲಾರೆ. ಅಣೆಕಟ್ಟು, ಮರಳು ತೆಗೆಯುವುದು, ಡೈನಮೈಟ್, ವಿಷ ಎಲ್ಲ ಸೇರಿದೆ. ಇನ್ನು ಮುಂದೆ ನದಿಗೆ ಮರಿ ಬಿಡುವವರು ತಾಯಿ ಮೀನಿನ ರೆಕ್ಕೆಯ ಚೂರು ಮೊದಲು ಪರೀಕ್ಷೆ ಮಾಡಿಸಲಿ, ಅದು ಆಗುವ ಕೆಲಸ. ಲಕ್ಷಗಟ್ಟಲೆ ಮರಿ ಬಿಡುವ ಖರ್ಚಿನ ಮುಂದೆ ಆ ಪರೀಕ್ಷೆಯ ಖರ್ಚು ಏನೂ ಅಲ್ಲ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದ. ಅವನ ತಾತನ ಮನೆ ಕುಶಾಲನಗರದ ಹತ್ತಿರವಂತೆ, ಹೊಳೆ ದಂಡೆಯಲ್ಲೇ. "ತಾತ ಯಾವಾಗಲೋ ಹಿಡಿದ ದೊಡ್ಡ ಮೀನಿನ ಒಂದು ಹುರುಪೆ ಹಳೇ ಲೆಕ್ಕದ ಪುಸ್ತಕದ ಮಧ್ಯೆ ಇದೆ ಸಾರ್. ಇಷ್ಟಗಲ." ಅಂಗೈ ತೋರಿಸಿದ. "ಅದರಿಂದ ಏನಾದ್ರೂ ಆಗುತ್ತಾ?"

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಒಣಗಿದ ಹುರುಪೆಯಲ್ಲಿ ದಶಕಗಳ ನಂತರವೂ ಡಿಎನ್‌ಎ ಸಿಗುತ್ತದೆ. ಅದು ಲೋನಾವಳದ ಮರಿಗಳು ಕಾವೇರಿಗೆ ಬರುವ ಮೊದಲು ಹಿಡಿದ ಮೀನಾದರಂತೂ ಅದರ ಬೆಲೆಯೇ ಬೇರೆ. ಯಾವ ವರ್ಷ ಹಿಡಿದದ್ದು ಅಂತ ಕೇಳಿದೆ.

"ಗೊತ್ತಿಲ್ಲ ಸಾರ್. ತಾತ ಇಲ್ಲ. ಅಜ್ಜಿಗೆ ನೆನಪಿರಬಹುದು. ಅಮ್ಮ ಹುಟ್ಟೋ ಮುಂಚೆ ಅಂತ ಏನೋ ಹೇಳ್ತಿದ್ರು."

ಹುರುಪೆ ಮುಟ್ಟಬೇಡಿ, ಪುಸ್ತಕ ಇದ್ದ ಹಾಗೇ ಇರಲಿ, ಮೊದಲು ಅಜ್ಜಿಗೆ ಫೋನ್ ಮಾಡು ಅಂದೆ. ಯಾವ ವರ್ಷ, ಯಾವ ಮಡು, ರೆಕ್ಕೆ ಯಾವ ಬಣ್ಣ ಇತ್ತು, ಎಲ್ಲ ಕೇಳು. ಹೇಳಿದ್ದನ್ನು ಒಂದು ಕಾಗದದಲ್ಲಿ ಬರೆದು ಅದೇ ಪುಟದಲ್ಲಿಡು.

"ಅಜ್ಜಿ ಎಂಟು ಗಂಟೆಗೆ ಮಲಗಿಬಿಡ್ತಾರೆ ಸಾರ್."

ಗೋಡೆಯ ಗಡಿಯಾರದಲ್ಲಿ ಏಳು ಮುಕ್ಕಾಲು. ಜೇಬಿನಲ್ಲಿದ್ದ ಪೆನ್ಸಿಲ್ ಕೊಟ್ಟೆ. ಅವನು ಫೋನ್ ಕಿವಿಗಿಟ್ಟುಕೊಂಡು ಮೆಟ್ಟಿಲ ಕಡೆ ಓಡಿದ.